ಹೊಲ ಕೊಂಡರೆ ನೀರೂ ಬರುತ್ತದೆಯೇ? ಬಾವಿ ಪಾಲು, ಪಾಳಿ ಮತ್ತು ಕಾಲುವೆ ನೀರಿನ ವ್ಯವಹಾರ

ಜತ್, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ಹೊಲದ ವ್ಯಾಪಾರಕ್ಕೆ ಕುಳಿತವರು ಎಕರೆಯ ದರ ಕೇಳುವ ಮೊದಲು "ನೀರು ಐತೇನು?" ಎಂದು ಕೇಳುತ್ತಾರೆ. "ಬಾವ್ಯಾಗ ನಾಲ್ಕಾಣೆ ಪಾಲೈತಿ" ಎಂಬ ಉತ್ತರ ಬಂದರೆ ದರವೇ ಬೇರೆ. ಮಾತು ಮುಗಿದು, ಹಣ ಸಂದು, ಖರೇದಿ ಪತ್ರ ನೋಂದಣಿಯಾಗುತ್ತದೆ. ಎಷ್ಟೋ ಪತ್ರಗಳಲ್ಲಿ ಗಟ್ ನಂಬರು, ಕ್ಷೇತ್ರ, ಆಕಾರ, ಚಕಬಂದಿ ಎಲ್ಲವೂ ಇರುತ್ತವೆ, ಬಾವಿಯ ಹೆಸರೇ ಇರುವುದಿಲ್ಲ. ಎರಡು ವರ್ಷದ ನಂತರ ಬರ ಬಿದ್ದಾಗ ಜಗಳ ಶುರುವಾಗುತ್ತದೆ.

ನಾಲ್ಕಾಣೆ ಪಾಲೆಂದರೆ ರೂಪಾಯಿಯ ಹದಿನಾರು ಆಣೆಯಲ್ಲಿ ನಾಲ್ಕು, ಅಂದರೆ ಕಾಲು ಭಾಗ. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ ಹಂಚಿಕೊಳ್ಳುತ್ತಾರೆ, ಬಾವಿಯನ್ನು ಕಡಿದು ಹಂಚಲು ಬರುವುದಿಲ್ಲ. ಅದು ಒಬ್ಬನ ಗಟ್ಟಿನಲ್ಲಿ ಉಳಿಯುತ್ತದೆ, ನೀರನ್ನು ಪಾಳಿಯ ಮೇಲೆ ಹಂಚಲಾಗುತ್ತದೆ. ನಾಲ್ವರಿಗೆ ಎಂಟು ದಿನದ ಸುತ್ತು ಎಂದಿಟ್ಟುಕೊಂಡರೆ ತಲೆಗೆ ಎರಡು ದಿನ. ಒಬ್ಬನಿಗೆ ಇಬ್ಬರು ಮಕ್ಕಳಾಗಿ ಅವರೂ ಬೇರೆಯಾದರೆ ತಲೆಗೆ ಒಂದೇ ದಿನ. ಪಾಳಿಯ ದಿನ ಕರೆಂಟು ಹೋದರೆ ಆ ನಷ್ಟ ಯಾರದು ಎಂಬುದನ್ನೂ ಹಿರಿಯರು ಬಾಯಿಮಾತಿನಲ್ಲೇ ತೀರ್ಮಾನಿಸಿರುತ್ತಾರೆ. ಹೊರಗಿನಿಂದ ಬಂದು ಹೊಲ ಕೊಂಡವನಿಗೆ ಈ ಮಾತುಗಳು ತಿಳಿದಿರುವುದಿಲ್ಲ.

ಬಾವಿಯಲ್ಲಿ ನೀರಿದೆ ಎಂಬ ಒಂದೇ ಮಾತಿನ ಹಿಂದೆ ಎರಡು ಬೇರೆ ಬೇರೆ ಹಕ್ಕುಗಳಿವೆ. ಮೊದಲನೆಯದು ಬಾವಿಯ ಮತ್ತು ಅದು ನಿಂತ ನೆಲದ ಮಾಲಕಿಯಲ್ಲಿ ಪಾಲು. ಇದು ಸ್ಥಿರ ಆಸ್ತಿ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 44ನೇ ಕಲಮಿನಂತೆ ಪಾಲುದಾರ ತನ್ನ ಪಾಲನ್ನು ಮಾರಬಹುದು. ಮಾಲಕಿಯ ಪಾಲು ಬೇರೆ ಗಟ್ಟಿನಲ್ಲಿದ್ದರೆ ಹೊಲದ ಖರೇದಿ ಪತ್ರದಲ್ಲಿ ಅದನ್ನು ಹೆಸರಿಸಿ ಬರೆಯಬೇಕು. ಬರೆಯದಿದ್ದರೆ ಹೊಲ ಕೊಂಡವನದು ಬರೀ ಹೊಲ ಎಂದು ವಾದಿಸಲು ಎದುರಿನವರಿಗೆ ದಾರಿ ಬಿಟ್ಟಂತೆ.

ಎರಡನೆಯದು ಬೇರೆಯವರ ಬಾವಿಯಿಂದ ತನ್ನ ಹೊಲಕ್ಕೆ ನೀರು ಒಯ್ಯುವ ಹಕ್ಕು. ಕಾನೂನಿನ ಭಾಷೆಯಲ್ಲಿ ಇದಕ್ಕೆ ಈಸ್‌ಮೆಂಟ್ ಎನ್ನುತ್ತಾರೆ. 1882ರ ಭಾರತೀಯ ಈಸ್‌ಮೆಂಟ್ ಕಾಯಿದೆಯ ಪ್ರಕಾರ 20 ವರ್ಷ ಎಡೆಬಿಡದೆ, ಶಾಂತವಾಗಿ, ತನ್ನ ಹಕ್ಕೆಂದೇ ಬಳಸಿದರೂ ಇದು ಬರುತ್ತದೆ. ಸರಕಾರಿ ಜಮೀನಿನ ಮೇಲಾದರೆ 30 ವರ್ಷ ಬೇಕು. ಈ ಹಕ್ಕು ಮನುಷ್ಯನಿಗಲ್ಲ, ಹೊಲಕ್ಕೆ ಅಂಟಿಕೊಂಡದ್ದು. ಹೊಲ ಮಾರಿದರೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಅದರ ಜೊತೆಗೇ ಹೋಗುತ್ತದೆ. ಹೊಲ ಇಟ್ಟುಕೊಂಡು ನೀರಿನ ಈ ಹಕ್ಕನ್ನಷ್ಟೇ ಮಾರಲು ಬರುವುದಿಲ್ಲ. ಆಸ್ತಿ ವರ್ಗಾವಣೆ ಕಾಯಿದೆಯ 6ನೇ ಕಲಮು ಅದನ್ನು ಸ್ಪಷ್ಟವಾಗಿ ತಡೆಯುತ್ತದೆ. "ನನ್ನ ಪಾಳಿ ನಿನಗೆ ಮಾರಿದೆ" ಎಂದು ಸ್ಟಾಂಪ್ ಪೇಪರಿನ ಮೇಲೆ ಬರೆಸಿಕೊಂಡು ಲಕ್ಷ ರೂಪಾಯಿ ಕೊಡುವವರು ಮಾರುವವನದು ಮಾಲಕಿಯ ಪಾಲೋ, ಬರೀ ಒಯ್ಯುವ ಹಕ್ಕೋ ಎಂದು ಮೊದಲು ನೋಡಬೇಕು. ಮಾಲಕಿಯ ಪಾಲಾದರೂ ಬರೀ ಸ್ಟಾಂಪ್ ಪೇಪರು ಸಾಲದು. 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರ ಆಸ್ತಿಯ ಹಕ್ಕಿಗೆ 1908ರ ಕಾಯಿದೆಯಂತೆ ನೋಂದಣಿ ಕಡ್ಡಾಯ.

ಉತಾರದಲ್ಲಿ ನೋಡಬೇಕಾದದ್ದು

ಮಹಾರಾಷ್ಟ್ರದ ಸಾತಬಾರಾ ಉತಾರದಲ್ಲಿ ಬಾವಿಯ ಪಾಲು "ಇತರ ಅಧಿಕಾರ" ಎಂಬ ಕಡೆ ದಾಖಲಾಗುತ್ತದೆ. ಗಡಿಯ ಈಚೆ ಹೊಲವಿದ್ದವರು ಕರ್ನಾಟಕದ ಪಹಣಿಯಲ್ಲಿ 11ನೇ ಕಲಮು ನೋಡಬೇಕು. ಕೊಳ್ಳುವ ಹೊಲದ ಉತಾರ ಮಾತ್ರವಲ್ಲ, ಬಾವಿ ಇರುವ ಗಟ್ಟಿನ ಉತಾರವನ್ನೂ ತೆಗೆಸಬೇಕು. ಬಹಳ ಜನ ತಪ್ಪುವುದು ಇಲ್ಲೇ. ಅಲ್ಲಿ ಪಾಲುದಾರರ ಹೆಸರಿಲ್ಲದಿದ್ದರೆ ಹಳೆಯ ಫೇರಫಾರು ಮತ್ತು ವಾಟಣಿ ಪತ್ರ ಹುಡುಕಿಸಬೇಕು. ಹಕ್ಕು ಬಂದ ಮೂರು ತಿಂಗಳೊಳಗೆ ತಲಾಠಿಗೆ ವರದಿ ಕೊಡಬೇಕೆಂದು 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆ ಹೇಳುತ್ತದೆ, ನೋಂದಣಿಯಾದ ಪತ್ರದಿಂದ ಹಕ್ಕು ಪಡೆದವನಿಗೆ ಮಾತ್ರ ಇದರಿಂದ ವಿನಾಯಿತಿ ಇದೆ. ಉತಾರದ ನೋಂದು ಸುಳ್ಳೆಂದು ಸಿದ್ಧವಾಗುವವರೆಗೆ ಖರೆ ಎಂದೇ ನಡೆಯುತ್ತದೆ, ಆದರೆ ಅದೇ ಮಾಲಕಿ ಪತ್ರವಲ್ಲ. ಕರೆಂಟು ಬಿಲ್ಲು ಒಬ್ಬನ ಹೆಸರಿಗೆ ಬರುತ್ತದೆ ಎಂಬ ಕಾರಣಕ್ಕೆ ಬಾವಿಯೂ ಅವನದಾಗುವುದಿಲ್ಲ. ಬಾಕಿ ಬಿಲ್ಲು ಎಷ್ಟಿದೆ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳಬೇಕು.

ಬಾವಿಗಾಗಿ ಒಂದೆರಡು ಗುಂಟೆ ಕೊಳ್ಳುವುದು ಬಹಳ ಕಾಲ ತೊಡಕಿನ ಕೆಲಸವಾಗಿತ್ತು, ಏಕೆಂದರೆ 1947ರ ತುಕಡಿ ತಡೆ ಕಾಯಿದೆ ಅಷ್ಟು ಚಿಕ್ಕ ತುಣುಕಿನ ಮಾರಾಟವನ್ನು ಒಪ್ಪುತ್ತಿರಲಿಲ್ಲ. 2024ರಲ್ಲಿ ತಿದ್ದಿದ ಮಹಾರಾಷ್ಟ್ರದ ನಿಯಮಗಳು ಬಾವಿಗೆಂದು 5 ಗುಂಟೆಯವರೆಗೆ, ಜಿಲ್ಲಾಧಿಕಾರಿಯ ಅನುಮತಿ ಪಡೆದು, ಕೊಳ್ಳಲು ದಾರಿ ಮಾಡಿವೆ.

ನೀರಿದ್ದರೂ ದಾರಿ ಇಲ್ಲದಿದ್ದರೆ ಉಪಯೋಗವಿಲ್ಲ. ನಡುವಿನ ಹೊಲದವನು ಪೈಪ್‌ಲೈನ್ ಹಾಯಿಸಲು ಬಿಡದಿದ್ದರೆ ಸಂಹಿತೆಯ 49ನೇ ಕಲಮಿನ ಕೆಳಗೆ ತಹಸೀಲ್ದಾರರಿಗೆ ಅರ್ಜಿ ಕೊಡಬಹುದು. ನಷ್ಟ ಕಟ್ಟಿಕೊಡುವ ಷರತ್ತಿನ ಮೇಲೆ ಅವರು ಅಪ್ಪಣೆ ಕೊಡಬಲ್ಲರು.

ಇನ್ನೊಂದು ಗಂಡಾಂತರವಿದೆ. ಪಾಲು ಬಾವಿಯಲ್ಲಿ, ನೆಲದೊಳಗಿನ ಸೆಲೆಯಲ್ಲಲ್ಲ. ಗೊತ್ತಾದ ಹರಿವಿಲ್ಲದೆ ತನ್ನ ನೆಲದ ಕೆಳಗಿರುವ ನೀರನ್ನು ತೆಗೆಯುವ ಹಕ್ಕು ಪ್ರತಿ ಭೂಮಾಲಕನಿಗೂ ಉಂಟು ಎಂದು ಈಸ್‌ಮೆಂಟ್ ಕಾಯಿದೆಯೇ ಹೇಳುತ್ತದೆ. ಪಕ್ಕದವನು ಬೋರು ಕೊರೆಸಿ ಬಾವಿ ಬತ್ತಿದರೆ ಕೋರ್ಟಿನಲ್ಲಿ ಪರಿಹಾರ ಸಿಗುವುದು ಕಷ್ಟ. 2009ರ ಮಹಾರಾಷ್ಟ್ರ ಅಂತರ್ಜಲ ಕಾಯಿದೆ ಕೊರೆಯುವುದಕ್ಕೆ ಕೆಲವು ಕಟ್ಟು ಹಾಕಿದೆ, ಹಳ್ಳಿಯಲ್ಲಿ ಅದರ ಬಿಸಿ ಅಷ್ಟಾಗಿ ತಟ್ಟಿಲ್ಲ.

ತಾಸಿನ ಲೆಕ್ಕಕ್ಕೆ ಅಥವಾ ಬೆಳೆಯ ಪಾಲಿಗೆ ನೀರು ಕೊಡುವ ರೂಢಿ ಬೇರೆ. ಅದರಿಂದ ಹಕ್ಕೇನೂ ಬರುವುದಿಲ್ಲ. ಒಂದು ಹಂಗಾಮಿನ ಮಾತು, ಹಂಗಾಮಿಗೆ ಮುಗಿಯುತ್ತದೆ.

ಕಾಲುವೆಯ ನೀರು

ಕಾಲುವೆಯ ನೀರು ಸರಕಾರದ್ದು. ರೈತ ನಮೂನೆ 7ರಲ್ಲಿ ಬೇಡಿಕೆ ಅರ್ಜಿ ಕೊಡುತ್ತಾನೆ, ಪಟ್ಟಿ ತುಂಬುತ್ತಾನೆ, ನೀರು ಬಳಸುತ್ತಾನೆ. ಹಿಂದಿನವನ ನೀರುಪಟ್ಟಿ ಬಾಕಿ ಇದ್ದರೆ ಹೊಲ ಕೊಂಡವನಿಗೆ ತೊಂದರೆ ತಪ್ಪದು. ಪಾಣಿವಾಪರ ಸಂಸ್ಥೆ ಇರುವಲ್ಲಿ ನೀರು ಅಳತೆಯಿಂದ ಸಂಸ್ಥೆಗೆ ಬರುತ್ತದೆ, ಒಳಗಿನ ಹಂಚಿಕೆ ಸಂಸ್ಥೆಯದು. ಹೊಸ ಹಿಡುವಳಿದಾರ ಅಲ್ಲಿಯ ಪುಸ್ತಕದಲ್ಲಿ ಹೆಸರು ಬರೆಸಬೇಕು.

2005ರಲ್ಲಿ ಮಹಾರಾಷ್ಟ್ರ ಜಲಸಂಪತ್ತು ನಿಯಾಮಕ ಪ್ರಾಧಿಕಾರದ ಕಾಯಿದೆ ಬಂದಾಗ ನೀರಿನ ಮಾರಾಟ ಎಂಬ ಮಾತು ಮೊದಲ ಬಾರಿಗೆ ಕಾಗದಕ್ಕೆ ಇಳಿಯಿತು. ಪ್ರಾಧಿಕಾರ ಕೊಡುವ ನೀರಿನ ಹಕ್ಕನ್ನು ವರ್ಷದ ಅಥವಾ ಹಂಗಾಮಿನ ಮಟ್ಟಿಗೆ ವರ್ಗಾಯಿಸಬಹುದು, ಅದಲುಬದಲು ಮಾಡಬಹುದು, ಕೊಳ್ಳಬಹುದು, ಮಾರಬಹುದು ಎಂದು ಅದರಲ್ಲಿದೆ. ಆದರೆ ಅದು ಬಳಕೆಯ ಹಕ್ಕು ಮಾತ್ರ, ಮಾಲಕಿಯಲ್ಲ. ಎಲ್ಲವೂ ಪ್ರಾಧಿಕಾರದ ಹತೋಟಿಯಲ್ಲಿ. ಹಳ್ಳಿಯ ರೈತ ತನ್ನ ಪಾಳಿಯನ್ನು ಶಾಶ್ವತವಾಗಿ ಮಾರಿಕೊಳ್ಳಲು ಇದು ಪರವಾನಗಿಯಲ್ಲ.

ಇದಕ್ಕೆ ಪೂರ್ತಿ ವಿರುದ್ಧ ದಾರಿ ಹಿಡಿದವರು ಪುಣೆ ಜಿಲ್ಲೆ ಪುರಂದರ ತಾಲೂಕಿನ ಪಾಣಿ ಪಂಚಾಯತದವರು. 1972ರ ಬರದ ನಂತರ ವಿಲಾಸರಾವ್ ಸಾಳುಂಖೆ ನಾಯಗಾಂವದಲ್ಲಿ ಆರಂಭಿಸಿದ ಈ ಪ್ರಯೋಗದಲ್ಲಿ ನೀರು ಹೊಲದ ಲೆಕ್ಕಕ್ಕಲ್ಲ, ತಲೆಯ ಲೆಕ್ಕಕ್ಕೆ. ತಲೆಗೆ ಅರ್ಧ ಎಕರೆಯ ನೀರು, ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆ. ಭೂಮಿ ಇಲ್ಲದವರಿಗೂ ಪಾಲು. ಕಬ್ಬು ಹಚ್ಚುವಂತಿಲ್ಲ. ಹೊಲ ಮಾರಿದವನು ಅದರ ಜೊತೆ ನೀರಿನ ಪಾಲನ್ನು ಮಾರುವಂತಿಲ್ಲ. ಪಾಲಿನ ಆಸೆಗೆ ಹೊರಗಿನವರು ಹೊಲ ಕೊಳ್ಳುವುದು ಇದರಿಂದ ನಿಂತಿತು.

ಜತ್ ತಾಲೂಕಿನ ಪೂರ್ವ ಭಾಗಕ್ಕೆ ಮಾತ್ರ ಈ ಯಾವ ಲೆಕ್ಕವೂ ಬಹುಕಾಲ ಅನ್ವಯಿಸಲೇ ಇಲ್ಲ, ಹಂಚಿಕೊಳ್ಳಲು ಅಲ್ಲಿ ನೀರೇ ಇರಲಿಲ್ಲ. ಮ್ಹೈಸಾಳ ಏತ ನೀರಾವರಿ ತಲುಪದ ಹಳ್ಳಿಗಳು 2012ರಲ್ಲಿ ನೀರಿಗಾಗಿ ಕರ್ನಾಟಕ ಸೇರುವ ಠರಾವು ಮಾಡಿದ್ದವು. 2022ರ ಕೊನೆಗೆ ತುಬಚಿ-ಬಬಲೇಶ್ವರ ಯೋಜನೆಯ ನೀರು ಗಡಿ ದಾಟಿ ಅಲ್ಲಿಗೆ ಹರಿಯಿತು.