ತಪ್ಪು ಉತ್ತರದ ಬೆನ್ನು ಹತ್ತಿದ ನೂರು ವರ್ಷ

ಮಗು ತಪ್ಪು ಉತ್ತರ ಕೊಟ್ಟಾಗ ಮೇಷ್ಟ್ರು ಏನು ಮಾಡಬೇಕು? ಕಲಿಕೆಯ ಸಿದ್ಧಾಂತಗಳನ್ನು ಈ ಒಂದು ಪ್ರಶ್ನೆ ಹಿಡಿದು ನೋಡಿದರೆ, ಯಾವುದು ತರಗತಿಯ ಒಳಗೆ ಇಳಿಯಿತು, ಯಾವುದು ಬಿ.ಎಡ್. ಪರೀಕ್ಷೆಯ ಟಿಪ್ಪಣಿಯಲ್ಲೇ ಉಳಿಯಿತು ಎಂಬುದು ತಿಳಿಯುತ್ತದೆ.

ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಬೆಕ್ಕಿನ ಪ್ರಯೋಗಗಳಿಂದ ಒಂದು ನಿಯಮ ಹೊರಟಿತು: ಹಿತವಾದ ಫಲ ಕೊಟ್ಟ ವರ್ತನೆ ನೆಲೆಯೂರುತ್ತದೆ, ಉಳಿದದ್ದು ಉದುರುತ್ತದೆ. 1950ರ ದಶಕದಲ್ಲಿ ಬಿ.ಎಫ್. ಸ್ಕಿನ್ನರ್ ಇದೇ ಜಾಡಿನಲ್ಲಿ ಬೋಧನಾ ಯಂತ್ರ ಕಟ್ಟಿದರು. ಪಾಠವನ್ನು ಸಣ್ಣ ಸಣ್ಣ ತುಣುಕು ಮಾಡಿದರೆ ಮಗು ತಪ್ಪುವುದೇ ಅಪರೂಪ ಎಂಬುದು ಅವರ ಲೆಕ್ಕ. ಮಗ್ಗಿಗೂ ಕಾಗುಣಿತಕ್ಕೂ ಈ ದಾರಿ ಒದಗಿಬರುತ್ತದೆ. ಆದರೆ ಮಗು ತಪ್ಪಿದ್ದು ಯಾಕೆ ಎಂದು ಕೇಳುವ ಗೋಜಿಗೆ ಅದು ಹೋಗಲಿಲ್ಲ.

ಕೇಳಿದವರು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ. 1920ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಮಕ್ಕಳಿಗೆ ಬುದ್ಧಿ ಪರೀಕ್ಷೆ ನಡೆಸುತ್ತಿದ್ದಾಗ, ಒಂದೇ ವಯಸ್ಸಿನವರು ಒಂದೇ ಬಗೆಯಲ್ಲಿ ತಪ್ಪುವುದು ಅವರ ಕಣ್ಣಿಗೆ ಬಿತ್ತು. ಸಮಾನ ಸಂಖ್ಯೆಯ ಗುಂಡಿಗಳ ಎರಡು ಸಾಲಿನಲ್ಲಿ ಒಂದನ್ನು ಅಗಲಿಸಿದರೆ, ಐದರ ಆಸುಪಾಸಿನ ಮಗು ಉದ್ದದ ಸಾಲಿನಲ್ಲೇ ಹೆಚ್ಚಿವೆ ಎನ್ನುತ್ತದೆ. ಅದು ದಡ್ಡತನವಲ್ಲ, ಅದರ ಹಿಂದೆ ಮಗುವಿನದೇ ತರ್ಕವಿದೆ. ಶಿಕ್ಷಣಕ್ಕೆ ಇದಕ್ಕಿಂತ ದೊಡ್ಡ ಕೊಡುಗೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಆದರೆ ಮಗುವಿನ ಯೋಚನೆ ಹಂತ ಹಂತವಾಗಿ ಬೆಳೆಯುತ್ತದೆ ಎಂಬ ಅವರ ಮಾತನ್ನು ಶಾಲೆಗಳು ಕಟ್ಟಳೆಯಂತೆ ಓದಿಕೊಂಡವು. ಹಂತ ಬರುವವರೆಗೆ ಕಾಯಬೇಕು ಎಂಬ ಮಾತು ಬೇರೂರಿತು. 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ ಅದೇ ಗುಂಡಿಸಾಲಿನ ಪರೀಕ್ಷೆಯನ್ನು ತುಸು ಬದಲಿಸಿದರು. ಸಾಲನ್ನು ದೊಡ್ಡವರು ಸರಿಸುವ ಬದಲು ತುಂಟ ಕರಡಿಗೊಂಬೆಯೊಂದು ಬಂದು ಕೆಡಿಸಿತು. ಈಗ ಬಹಳಷ್ಟು ಮಕ್ಕಳು ಸರಿಯಾಗಿಯೇ ಹೇಳಿದರು! ದೊಡ್ಡವರು ಬೇಕೆಂದೇ ಸರಿಸಿ ಮತ್ತೆ ಅದನ್ನೇ ಕೇಳಿದಾಗ, ಉತ್ತರ ಬದಲಿಸಬೇಕೇನೋ ಎಂದು ಮಗು ಅಂದುಕೊಂಡಿರಬಹುದು. ಎಂದರೆ, ಕೇಳುವವರು ಯಾರು, ಹೇಗೆ ಕೇಳಿದರು ಎಂಬುದೂ ಉತ್ತರದೊಳಗೆ ಸೇರಿರುತ್ತದೆ.

ಕಲಿಕೆಯಲ್ಲಿ ದೊಡ್ಡವರ ಪಾತ್ರವನ್ನು ಇನ್ನೂ ಮೊದಲೇ ಗಮನಿಸಿದ್ದ ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ 1934ರಲ್ಲೇ ತೀರಿಕೊಂಡರು. ಅವರ ಮುಖ್ಯ ಕೃತಿ ಇಂಗ್ಲಿಷಿಗೆ ಬಂದದ್ದು 1962ರಲ್ಲಿ. ಒಂಟಿಯಾಗಿ ತಪ್ಪುವ ಮಗು ಬಲ್ಲವರ ನೆರವಿದ್ದರೆ ಎಷ್ಟು ದೂರ ಹೋಗಬಲ್ಲದು, ಅದನ್ನು ಅಳೆಯಿರಿ ಎಂದರು ಅವರು.

ಈ ಮಾತಿನ ರೂಪವನ್ನು ನಮ್ಮಲ್ಲೇ ನೋಡಬಹುದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿ ಬೋಧನಾ ಪದ್ಧತಿಗೆ ಪ್ರೇರಣೆ ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳದು. ಶಿಕ್ಷಕರ ಪೂರ್ಣ ನೆರವು, ಭಾಗಶಃ ನೆರವು, ಸಹಪಾಠಿಗಳ ನೆರವು, ಸ್ವಂತ ಕಲಿಕೆ, ಹೀಗೆ ಮಕ್ಕಳು ‘ತಟ್ಟೆ’ ಎಂಬ ಬೇರೆ ಬೇರೆ ಗುಂಪುಗಳಲ್ಲಿ ಕೂರುತ್ತಾರೆ. ಅಕ್ಷರವೂ ಅ ಆ ಇ ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಕಲಿತ ಮಗು ಆಗಲೇ ‘ಸರ’, ‘ಅರಸ’, ‘ಗರಗಸ’ ಓದುತ್ತದೆ. ಎಡವಿದರೆ ಕಲಿಕೆಯ ಏಣಿಯ ಅದೇ ಮೆಟ್ಟಿಲಲ್ಲಿ ಇನ್ನೊಂದಿಷ್ಟು ದಿನ ಇರಬಹುದು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವೇ ಜ್ಞಾನ ಕಟ್ಟಿಕೊಳ್ಳುತ್ತದೆ ಎಂಬುದನ್ನು ಒಪ್ಪಿತು. ಆದರೂ ನಲಿ-ಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕರಿಂದ ಎಲ್ಲರಿಗೂ ಒಂದೇ ಪಠ್ಯಪುಸ್ತಕ, ಒಂದೇ ವೇಗ. ಹಿಂದಿನ ಮೆಟ್ಟಿಲಲ್ಲಿ ಇನ್ನೂ ಇರುವ ಮಗುವಿಗೆ ಅಲ್ಲಿ ಯಾವ ತಟ್ಟೆಯೂ ಇಲ್ಲ. ಮುಂದಿನ ಕೆಲಸ ಆಗಬೇಕಾದದ್ದು ಅಲ್ಲಿಯೇ.