ಹಿಪ್ಪರಗಾ ಕೆರೆಯ ಹೆಬ್ಬಾತು, ಗೋಡೆಯ ಮೇಲಿನ ಹಂಸ



ದುಧನಿಯ ನಮ್ಮ ಹಳೇ ಮನೆಯ ಪಡಸಾಲೆಯಲ್ಲಿ ಕಟ್ಟು ಹಾಕಿಸಿದ ಒಂದು ದಮಯಂತಿ ಚಿತ್ರ ಇತ್ತು. ಕೆಂಪು ಸೀರೆ, ಎದುರಿಗೆ ಬೆಳ್ಳಗಿನ ಹಂಸ, ಬಾಗಿದ ಉದ್ದನೆಯ ಕುತ್ತಿಗೆ. ಹಂಸ ಅಂದ್ರೆ ಇದೇ ಅಂತ ತಿಳಿದು ಬೆಳೆದವನು ನಾನು. ಕಾಲೇಜಿಗೆ ಸೊಲ್ಲಾಪುರಕ್ಕೆ ಹೋದಾಗ ಮರಾಠಿ ಪತ್ರಿಕೆಯಲ್ಲಿ ಹಿಪ್ಪರಗಾ ಕೆರೆಗೆ ‘ಪಟ್ಟಕದಂಬ ಹಂಸ’ ಬಂದಿದೆ ಅಂತ ಓದಿ ನೋಡಲು ಹೋದೆ. ಕಂಡದ್ದು ಬೂದು ಬಣ್ಣದ ದಪ್ಪ ಹಕ್ಕಿ. ಬಿಳಿ ತಲೆಯ ಹಿಂಭಾಗಕ್ಕೆ ಎರಡು ಕಪ್ಪು ಪಟ್ಟೆ. ‘ಇದೆಂಥಾ ಹಂಸರೀ, ಬಾತುಕೋಳಿ ಇದ್ದಂಗ ಅದ’ ಅಂದಿದ್ದೆ. ಈ ಪ್ರಬಂಧ ಶುರುವಾದದ್ದು ಆ ಮಾತಿನಿಂದ.

ಕನ್ನಡದ ಪಕ್ಷಿ ಪುಸ್ತಕಗಳಲ್ಲಿ ಅದರ ಹೆಸರು ಪಟ್ಟೆತಲೆ ಹೆಬ್ಬಾತು. ಲೇಥಮ್ 1790ರಲ್ಲಿ ಕೊಟ್ಟ ಶಾಸ್ತ್ರೀಯ ಹೆಸರಿನಲ್ಲೇ ‘ಇಂಡಿಕಸ್’ ಇದೆ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಚಳಿಗಾಲಕ್ಕೆ ಬರುತ್ತೆ. 7,000 ಮೀಟರಿಗೂ ಮೇಲೆ ಹಾರಿದ ದಾಖಲೆ ಇದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಇದೇ ಹಕ್ಕಿ ಬರುತ್ತೆ. 2024ರಲ್ಲಿ ಆ ಕೆರೆ ರಾಮ್ಸರ್ ತಾಣವಾಯಿತು. ಮಳೆಗಾಲಕ್ಕೆ ಮಾನಸ ಸರೋವರದ ಕಡೆ ಹೋಗುವ ಹಂಸ ಅಂತ ಸಂಸ್ಕೃತ ಕವಿಗಳು ಹೇಳುವುದು ಈ ವಲಸೆಗೆ ಹೊಂದುತ್ತೆ. ಯುರೋಪಿನ ಬಿಳಿ ಸ್ವಾನ್ ಮಾತ್ರ ದಖ್ಖನ್ನಿನ ಕೆರೆಗಳ ಹಕ್ಕಿಯೇ ಅಲ್ಲ.

ಡಚ್ ವಿದ್ವಾಂಸ ಫೋಗೆಲ್ ಇದನ್ನೇ ಪುಸ್ತಕವಾಗಿ ಬರೆದರು. ಅವರು ತೀರಿಕೊಂಡ ಮೇಲೆ, 1962ರಲ್ಲಿ, ಅದು ಲೈಡನ್ನಿನಿಂದ ಪ್ರಕಟವಾಯಿತು. ಭಾರತೀಯ ಸಾಹಿತ್ಯ, ಕಲೆಗಳ ಹಂಸ ಹೆಬ್ಬಾತೇ, ಸ್ವಾನ್ ಅಲ್ಲ ಅನ್ನೋದು ಅವರ ವಾದ. ನಾನು ಒಪ್ಪುತ್ತೀನಿ, ಆದರೆ ಒಂದು ತಕರಾರಿದೆ. ಹಳೇಬೀಡಿನಲ್ಲಾಗಲಿ, 1268ರ ಸೋಮನಾಥಪುರದಲ್ಲಾಗಲಿ, ಅಧಿಷ್ಠಾನದ ಪಟ್ಟಿಕೆಗಳಲ್ಲಿ ಆನೆ ಕೆಳಗೆ, ಹಂಸ ಮೇಲೆ. ಆ ಹಂಸಗಳ ಗಿಡ್ಡ ಮೈ, ಸಾಲಾಗಿ ನಡೆಯುವ ರೀತಿ ಹೆಬ್ಬಾತಿನದೇ. ಬಾಲ ಮಾತ್ರ ಎಲೆಬಳ್ಳಿ! ತಲೆಯ ಪಟ್ಟೆಗಳೂ ಇಲ್ಲ. ರೂವಾರಿಗೆ ಕೆರೆಯ ಹಕ್ಕಿ ಗೊತ್ತಿರಬಹುದು. ಆತ ಕೆತ್ತಿದ್ದು ಮಾತ್ರ ಕಸುಬಿನಲ್ಲಿ ಬಂದ ಮಾದರಿ. ಅದನ್ನು ಪಕ್ಷಿಚಿತ್ರ ಅಂತ ಓದಬಾರದು. ಅಜಂತಾದ 17ನೆಯ ಗುಹೆಯ ಹಂಸ ಜಾತಕ ಇದಕ್ಕಿಂತ ಹಕ್ಕಿಗೆ ಹತ್ತಿರ. ಆದರೆ ಅಲ್ಲೂ ಕಥೆಯ ಹಂಸರಾಜ ಚಿನ್ನದ ಬಣ್ಣದವನು.

ಹೋದ ವಾರ ಒಬ್ಬರು ಕೇಳಿದ್ರು, ‘ಹಂಸ ಬೆಳ್ಳಗೇ ಇರಬೇಕಲ್ವಾ?’ ಅಂತ. ಕಾವ್ಯಗಳಲ್ಲಿ ಬಿಳುಪು ಇದೆ, ಇಲ್ಲ ಅನ್ನಲ್ಲ. ಆದರೆ ಮಹಾಭಾರತದ ನಳೋಪಾಖ್ಯಾನದಲ್ಲಿ ಹಂಸಗಳಿಗೆ ಚಿನ್ನದ ಅಲಂಕಾರ. ನಮ್ಮ ಪಡಸಾಲೆಯ ಚಿತ್ರದ ಮೂಲ ರವಿವರ್ಮರ 1899ರ ‘ಹಂಸ ದಮಯಂತಿ’. ಅಲ್ಲಿರೋದು ಅಪ್ಪಟ ಸ್ವಾನ್. ಅಂದರೆ ಆ ರೂಪ ಕಥೆಯಿಂದಲೂ ಬಂದಿಲ್ಲ, ನಮ್ಮ ಕೆರೆಯಿಂದಲೂ ಬಂದಿಲ್ಲ. ಹೊಯ್ಸಳರ ಹಂಸವನ್ನು ಯಾರೂ ನಿಜವಾದ ಹಕ್ಕಿ ಅಂದುಕೊಳ್ಳಲ್ಲ, ಬಾಲ ನೋಡಿದರೇ ಗೊತ್ತಾಗುತ್ತೆ. ತೈಲವರ್ಣದ ಹಂಸವನ್ನು ಮಾತ್ರ ಕಣ್ಣು ನಂಬಿಬಿಡುತ್ತೆ: ನೆರಳು, ಗರಿ, ಮೈಯ ತೂಕ, ಎಲ್ಲಾ ಖರೇ ಇದ್ದಂಗೇ. ಮುಂಬಯಿಯಲ್ಲಿ ಶುರುವಾಗಿ ಆಮೇಲೆ ಲೋಣಾವಳಾ ಹತ್ತಿರದ ಮಳವಲಿಗೆ ಹೋದ ರವಿವರ್ಮ ಮುದ್ರಣಾಲಯ ಇಂಥ ಚಿತ್ರಗಳನ್ನು ಮನೆಮನೆಗೆ ಮುಟ್ಟಿಸಿತು. ರವಿವರ್ಮರನ್ನು ದೂರೋದು ನನ್ನ ಉದ್ದೇಶ ಅಲ್ಲ. ಆ ಚಿತ್ರ ಈಗಲೂ ನನಗೆ ಇಷ್ಟ.

ಕಳೆದುಹೋದದ್ದು ಹೆಸರು. ಮರಾಠಿಯ ಪಟ್ಟಕದಂಬ ಇನ್ನೂ ‘ಹಂಸ’ವನ್ನು ಬಾಲಕ್ಕೆ ಕಟ್ಟಿಕೊಂಡಿದೆ. ಕನ್ನಡದಲ್ಲಿ ಆ ಹಕ್ಕಿ ಹೆಬ್ಬಾತು ಆಯಿತು, ‘ರಾಜಹಂಸ’ ಉಜನಿ ಹಿನ್ನೀರಿಗೆ ಬರುವ ಫ್ಲೆಮಿಂಗೊ ಪಾಲಾಯಿತು. ಎರಡೂ ಭಾಷೆ ಆಡುವ ದುಧನಿಯಂಥ ಊರಲ್ಲಿ ಮಾತ್ರ ಈ ಜಗಳ ಕಿವಿಗೆ ಬೀಳುತ್ತೆ.

ನನ್ನ ಮಹಾಪ್ರಬಂಧದ ಚಿತ್ರಗಳ ಕೆಳಗೆ ‘ಹಂಸ’ ಬರೀಬೇಕೋ ‘ಹೆಬ್ಬಾತು’ ಬರೀಬೇಕೋ ಅಂತ ಮಾರ್ಗದರ್ಶಕರು ಕೇಳಿದ್ದಾರೆ. ಸದ್ಯಕ್ಕೆ ಸೋಮನಾಥಪುರದ ಪಟ್ಟಿಕೆಯ ಕೆಳಗೆ ‘ಹಂಸ’ ಅಂತಲೇ ಬರೆದು, ಅದೇ ಪುಟದಲ್ಲಿ ಹಿಪ್ಪರಗಾ ಕೆರೆಯ ಫೋಟೊ ಹಾಕಿದ್ದೀನಿ.