ಕೀರ್ದಿ ಪುಸ್ತಕದಿಂದ ಕ್ಯೂಆರ್ ಕೋಡಿನವರೆಗೆ: ಭಾರತದಲ್ಲಿ ವ್ಯವಹಾರ ತಂತ್ರಜ್ಞಾನ

ಕಂಪ್ಯೂಟರ್ ವ್ಯಾಪಾರದ ಲೆಕ್ಕಕ್ಕೆ ಇಳಿದದ್ದು 1951ರಲ್ಲಿ. ಬ್ರಿಟನ್ನಿನಲ್ಲಿ ಚಹಾ ಅಂಗಡಿಗಳನ್ನು ನಡೆಸುತ್ತಿದ್ದ ಜೆ. ಲಯನ್ಸ್ ಕಂಪನಿ 'ಲಿಯೋ' ಎಂಬ ಯಂತ್ರವನ್ನು ತಾನೇ ಕಟ್ಟಿಸಿ, ಆ ವರ್ಷದ ನವೆಂಬರಿನಲ್ಲಿ ಬೇಕರಿ ಮಾಲಿನ ಲೆಕ್ಕವನ್ನು ಅದಕ್ಕೆ ಒಪ್ಪಿಸಿತು. ಭಾರತದಲ್ಲಿ ಈ ಕೆಲಸ ಸಲೀಸಾಗಿ ನಡೆಯಲಿಲ್ಲ. 1960ರ ದಶಕದಲ್ಲಿ ಕಲ್ಕತ್ತಾದ ಎಲ್‌ಐಸಿ ಕಚೇರಿಗೆ ಕಂಪ್ಯೂಟರ್ ಬರುವುದನ್ನು ನೌಕರರ ಸಂಘಗಳು ವಿರೋಧಿಸಿದವು. ಗುಮಾಸ್ತರ ಕೆಲಸ ಹೋಗುತ್ತದೆಂಬ ಅವರ ಅಂಜಿಕೆ ಆಧಾರವಿಲ್ಲದ್ದಾಗಿರಲಿಲ್ಲ. ಬ್ಯಾಂಕುಗಳಲ್ಲಿ ಸಂಘಗಳೊಡನೆ ಒಪ್ಪಂದವಾದ ಬಳಿಕ, 1984ರ ರಂಗರಾಜನ್ ಸಮಿತಿಯ ವರದಿಯಂತೆ, ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಶಾಖೆಗಳಿಗೆ ಬಂದವು. ಅವು ಲೆಕ್ಕ ಬರೆಯುತ್ತಿದ್ದವು, ಆದರೆ ಒಂದು ಶಾಖೆಯ ಯಂತ್ರಕ್ಕೆ ಇನ್ನೊಂದು ಶಾಖೆಯ ಸುದ್ದಿ ತಿಳಿಯುತ್ತಿರಲಿಲ್ಲ.

ಸಣ್ಣ ವ್ಯಾಪಾರಕ್ಕೆ ತಿರುವು ಕೊಟ್ಟದ್ದು ಬೆಂಗಳೂರು. ಗಿರಣಿಗಳಿಗೆ ಯಂತ್ರದ ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅದನ್ನು ಬರೆದುಕೊಟ್ಟರು. 1986ರಲ್ಲಿ ಹುಟ್ಟಿದ ಪ್ಯೂಟ್ರಾನಿಕ್ಸ್ ಕಂಪನಿಯೇ ಮುಂದೆ ಟ್ಯಾಲಿ ಆಯಿತು. ಅದಕ್ಕೂ ಮೊದಲಿನ ತಂತ್ರಾಂಶಗಳಲ್ಲಿ ಪ್ರತಿ ಖಾತೆಗೂ ಒಂದು ಕೋಡ್ ಸಂಖ್ಯೆ ನೆನಪಿಡಬೇಕಿತ್ತು. ಟ್ಯಾಲಿಯಲ್ಲಿ ಪಾರ್ಟಿಯ ಹೆಸರನ್ನೇ ಬರೆದರೆ ಸಾಕು. ಕೀರ್ದಿ, ಖತಾವಣಿ ಬಲ್ಲ ಗುಮಾಸ್ತನಿಗೆ ತನ್ನ ಹಳೆಯ ವಿದ್ಯೆಯನ್ನು ಬಿಡಬೇಕಾಗಿ ಬರಲಿಲ್ಲ. ಈ ಉತ್ಪನ್ನ ಊರೂರಿಗೆ ಹಬ್ಬಲು ಬೆಲೆಗಿಂತಲೂ ಇದೇ ದೊಡ್ಡ ಕಾರಣ.

ದೊಡ್ಡ ಕಂಪನಿಗಳ ದಾರಿ ಬೇರೆಯಾಗಿತ್ತು. ಖರೀದಿ, ದಾಸ್ತಾನು, ಸಂಬಳ, ಮಾರಾಟಗಳನ್ನು ಒಂದೇ ದತ್ತಾಂಶಕ್ಕೆ ಕಟ್ಟುವ ಇಆರ್‌ಪಿ ವ್ಯವಸ್ಥೆಗಳು ಜರ್ಮನಿಯ ಸ್ಯಾಪ್‌ನಂಥ ಕಂಪನಿಗಳಿಂದ ಬಂದವು. ಬ್ಯಾಂಕುಗಳಲ್ಲಿ ಆ ಜಾಗವನ್ನು ಕೋರ್ ಬ್ಯಾಂಕಿಂಗ್ ತುಂಬಿತು. ಇನ್ಫೋಸಿಸ್‌ನ ಫಿನಾಕಲ್ ಅದರಲ್ಲಿ ಹೆಸರು ಮಾಡಿತು. ಒಂದು ಶಾಖೆಯ ಗ್ರಾಹಕ ಇಡೀ ಬ್ಯಾಂಕಿನ ಗ್ರಾಹಕನಾದ. ಇಂಥ ವ್ಯವಸ್ಥೆಗಳನ್ನು ಕೂಡಿಸುವ ಕಷ್ಟ ಕರಾವಳಿಯವರಿಗೆ ಗೊತ್ತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ಸೇರಿದರೂ ಹಳೆಯ ಐಎಫ್‌ಎಸ್‌ಸಿ ಕೋಡುಗಳು ರದ್ದಾದದ್ದು 2021ರ ಜುಲೈಯಲ್ಲಿ.

ಇಲ್ಲಿಯವರೆಗೆ ಲೆಕ್ಕ ವ್ಯಾಪಾರಿಯ ಮನೆಯದು. ವರ್ಷಕ್ಕೊಮ್ಮೆ ಆಡಿಟರ್ ನೋಡುತ್ತಿದ್ದರು, ಕರೆ ಬಂದರೆ ತೆರಿಗೆ ಅಧಿಕಾರಿಗೆ ತೋರಿಸಬೇಕಿತ್ತು. 2017ರ ಜುಲೈ 1ರಂದು ಜಾರಿಯಾದ ಜಿಎಸ್‌ಟಿ ಈ ಸಂಬಂಧವನ್ನೇ ಬದಲಿಸಿತು. ಈ ಬದಲಾವಣೆಯ ಒಂದು ಬೇರು ಕರ್ನಾಟಕದಲ್ಲಿದೆ. ವ್ಯಾಟ್ ಕಾಲದಲ್ಲೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಲಾರಿಯಲ್ಲಿ ಹೋಗುವ ಸರಕಿಗೆ 'ಇ-ಸುಗಮ್' ಎಂಬ ಆನ್‌ಲೈನ್ ಪತ್ರ ಕೊಡುತ್ತಿತ್ತು. ದೇಶದ ಇ-ವೇ ಬಿಲ್ಲಿಗೆ ಆ ಅನುಭವವೇ ಮಾದರಿಯಾಯಿತು.

ಇ-ಇನ್‌ವಾಯ್ಸ್ ಇನ್ನೂ ಒಳಗೆ ಹೋಯಿತು. ಮಾರುವವನು ಬಿಲ್ ಬರೆದ ಕೂಡಲೇ ಅವನ ತಂತ್ರಾಂಶ ಅದನ್ನು ಸರ್ಕಾರ ಒಪ್ಪಿದ ನೋಂದಣಿ ಪೋರ್ಟಲ್ಲಿಗೆ ಕಳಿಸುತ್ತದೆ. ಅವನ ಜಿಎಸ್‌ಟಿ ಸಂಖ್ಯೆ, ಬಿಲ್ಲಿನ ಸಂಖ್ಯೆ ಮತ್ತು ಬಗೆ, ಆರ್ಥಿಕ ವರ್ಷ ಇವುಗಳಿಂದ 64 ಅಕ್ಷರಗಳ ಗುರುತು ತಯಾರಾಗಿ, ಡಿಜಿಟಲ್ ಸಹಿ ಹೊತ್ತ ಕ್ಯೂಆರ್ ಕೋಡಿನೊಡನೆ ಮರಳಿ ಬರುತ್ತದೆ. ಆ ಗುರುತಿಲ್ಲದ ಬಿಲ್ ನಿಯಮದ ಪ್ರಕಾರ ಬಿಲ್ಲೇ ಅಲ್ಲ. ಒಂದೇ ಸಂಖ್ಯೆಯ ಬಿಲ್ಲನ್ನು ಎರಡನೆಯ ಸಲ ಕಳಿಸಿದರೆ ಪೋರ್ಟಲ್ ತಿರಸ್ಕರಿಸುತ್ತದೆ. 2020ರ ಅಕ್ಟೋಬರಿನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಮಾತ್ರ ಇದ್ದ ಈ ನಿಯಮ ಹಂತಹಂತವಾಗಿ ಇಳಿದು 2023ರ ಆಗಸ್ಟಿನಿಂದ 5 ಕೋಟಿ ಮೀರಿದವರಿಗೂ ಬಂತು. ಅದೇ ವರ್ಷದ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡೂ ಉಳಿಯಬೇಕು, ಅದನ್ನು ಬಂದ್ ಮಾಡುವ ಸೌಲಭ್ಯ ಇರಕೂಡದು ಎಂಬ ನಿಯಮ ಜಾರಿಯಾಯಿತು. ಸುಳ್ಳು ಬಿಲ್ಲುಗಳ ಹಾವಳಿಗೆ ಇವು ಒಳ್ಳೆಯ ಮದ್ದು. ಆದರೆ ಮಾರಿದವನು ರಿಟರ್ನ್ ಹಾಕದಿದ್ದರೆ ಕೊಂಡವನ ತೆರಿಗೆ ಜಮಾ ನಿಂತುಹೋಗುತ್ತದೆ. ಪರರ ತಪ್ಪಿಗೆ ಸಣ್ಣವನ ದುಡಿಯುವ ಬಂಡವಾಳ ಸಿಕ್ಕಿಬೀಳುವ ಈ ತೊಡಕನ್ನು ಯಾವ ತಂತ್ರಾಂಶವೂ ಬಿಡಿಸಿಲ್ಲ.

ಹಣ ಪಾವತಿಯಲ್ಲಿ ಬದಲಾವಣೆ ಇನ್ನೂ ರಭಸದ್ದು. 2016ರಲ್ಲಿ ಬಂದ ಯುಪಿಐ 2023ರ ಆಗಸ್ಟಿನಲ್ಲಿ ತಿಂಗಳಿಗೆ 1,000 ಕೋಟಿ ವಹಿವಾಟು ದಾಟಿತು. 2020ರ ಜನವರಿಯಿಂದ ವ್ಯಾಪಾರಿಗೆ ಶುಲ್ಕವಿಲ್ಲದ್ದರಿಂದ ತಳ್ಳುಗಾಡಿಯಲ್ಲೂ ಕ್ಯೂಆರ್ ಕೋಡ್ ಬಂತು. ಅದರ ಇನ್ನೊಂದು ಮುಖ 2025ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಂಡಿತು. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಯುಪಿಐ ಮೂಲಕ ಬಂದ ಮೊತ್ತವನ್ನು ನೋಡಿ, ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷದ ಮಿತಿ ಮೀರಿದಂತೆ ಕಂಡವರಿಗೆ ನೋಟಿಸ್ ಕೊಟ್ಟಿತು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂಬ ಚೀಟಿ ಅಂಟಿಸಿದರು. ವರ್ತಕರು ಬಂದ್‌ಗೆ ಕರೆ ಕೊಟ್ಟರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಸರ್ಕಾರ ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ತೆರಿಗೆ ಕೊಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಖಾತೆಗೆ ಬಂದ ಹಣವೆಲ್ಲ ತೆರಿಗೆ ಬೀಳುವ ಮಾರಾಟದ್ದಲ್ಲ: ಕೈಸಾಲ, ಮನೆಯವರು ಕಳಿಸಿದ್ದು, ತೆರಿಗೆ ಇಲ್ಲದ ಹಾಲು-ತರಕಾರಿಯ ದುಡ್ಡು ಎಲ್ಲವೂ ಅಲ್ಲೇ ಬೀಳುತ್ತವೆ. ದತ್ತಾಂಶ ಕೈಗೆ ಸಿಕ್ಕಿತೆಂದು ಅದನ್ನೇ ಲೆಕ್ಕವೆಂದು ಎಣಿಸಿದ್ದು ತಪ್ಪು.

ಕ್ಲೌಡ್ ಬಂದ ಮೇಲೆ ಸರ್ವರ್ ಕೊಳ್ಳುವ ಖರ್ಚು ತಪ್ಪಿ, ಬಾಡಿಗೆ ಕೊಟ್ಟು ತಂತ್ರಾಂಶ ಬಳಸುವ ಪದ್ಧತಿ ಬೆಳೆಯಿತು. ಚೆನ್ನೈನ ಜೋಹೊ, ಫ್ರೆಶ್‌ವರ್ಕ್ಸ್ ಈ ಪದ್ಧತಿಯಲ್ಲೇ ಜಗತ್ತಿಗೆ ಮಾರಿದವು. ಇದರೊಡನೆ ಅಪಾಯವೂ ಕೆಲವೇ ಕಡೆ ಗುಡ್ಡೆಯಾಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದೇ ತಿಂಗಳ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಕೊಡುವ ಒಂದೇ ಸಂಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಗಿ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳೂ ಸೇರಿ ಸುಮಾರು 300 ಬ್ಯಾಂಕುಗಳ ಪಾವತಿ ನಿಂತಿತ್ತು. ಯುಪಿಐಯಲ್ಲೂ ಹೆಚ್ಚಿನ ಪಾಲು ಫೋನ್‌ಪೇ, ಗೂಗಲ್ ಪೇ ಎರಡರದೇ. ಯಾವ ಆ್ಯಪ್ ಕೂಡ ಶೇ. 30 ಮೀರಬಾರದೆಂಬ ಮಿತಿಯನ್ನು 2026ರ ಡಿಸೆಂಬರಿಗೆ ಮುಂದೂಡಲಾಗಿದೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕೃತಕ ಬುದ್ಧಿಮತ್ತೆಯ ಮಾತು ಎಲ್ಲ ಕಂಪನಿಗಳಲ್ಲೂ ಇದೆ. ಬಿಲ್ಲಿನ ಚಿತ್ರ ಓದಿ ನಮೂದಿಸುವುದು, ಗ್ರಾಹಕರಿಗೆ ಉತ್ತರ ಕೊಡುವುದು, ಕೋಡ್ ಬರೆಯುವುದು ಇಂದಿನ ಮುಖ್ಯ ಬಳಕೆ. ತಲೆ ಎಣಿಸಿ ಬಿಲ್ ಮಾಡುತ್ತಿದ್ದ ಐಟಿ ಸೇವಾ ಕಂಪನಿಗಳ ಆದಾಯದ ಬುಡಕ್ಕೇ ಇದು ಬಂದಿದೆ. ಲೆಕ್ಕಪತ್ರದಲ್ಲಿ ಮಾತ್ರ ಎಚ್ಚರ ಬೇಕು: ಈ ಯಂತ್ರಗಳು ಇಲ್ಲದ ಅಂಕಿಯನ್ನೂ ಧೈರ್ಯವಾಗಿ ಹೇಳುತ್ತವೆ, ವೋಚರ್ ಇಲ್ಲದ ಅಂಕಿ ಆಡಿಟ್‌ನಲ್ಲಿ ನಿಲ್ಲುವುದಿಲ್ಲ.

ಕೂಡಿಟ್ಟ ದತ್ತಾಂಶದ ಹೊಣೆ ಯಾರದೆಂಬ ಪ್ರಶ್ನೆಗೆ 2023ರ ಆಗಸ್ಟಿನಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉತ್ತರ ಹೇಳಿದೆ. ರಕ್ಷಣೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಇದು ದೊಡ್ಡ ಕಂಪನಿಗಳಿಗಷ್ಟೇ ಸಂಬಂಧಿಸಿದ್ದಲ್ಲ. ಗ್ರಾಹಕರ ಹೆಸರು, ಮೊಬೈಲ್ ಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಔಷಧಿ ಅಂಗಡಿಯೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ.